ಎರಡು ದ್ವೀಪಕ್ಕೆ ಐದು ಮಂದಿ

ಬನಶಂಕರಿ ಜಾತ್ರೆ ನೋಡೋಣ ಅಂತ ಚೊಳಚಗುಡ್ಡಕ್ಕೆ ಹೋದವರು ನಾವು. ಬರುವಾಗ ಬೆಂಡು-ಬತ್ತಾಸಿನ ಜೊತೆ ಎರಡು ದ್ವೀಪದ ಟೂರ್ ಪ್ಲ್ಯಾನ್ ಕೂಡ ಕಟ್ಟಿಕೊಂಡು ಬಂದ್ವಿ. ಟೂರ್ ಇನ್ನೂ ಆಗಿಲ್ಲ, ಫೆಬ್ರವರಿ ಕೊನೇ ವಾರಕ್ಕಿದೆ. ಆದರೂ ಈಗಲೇ ಬರೀತಿದ್ದೇವೆ. ಯಾಕಂದ್ರೆ ಹೋಗಿ ಬಂದ ಮೇಲೆ ಎಲ್ಲರೂ ಫೋಟೋ ಹಾಕ್ತಾರೆ, ಪ್ಲ್ಯಾನ್ ಮಾಡುವಾಗ ಏನಾಯ್ತು ಅಂತ ಯಾರೂ ಬರೆಯಲ್ಲ.

ನಾವು ಐದು ಮಂದಿ. ಹಾಸ್ಟೆಲ್‌ನಲ್ಲಿ ನಮಗೆ ಹೆಸರಿಲ್ಲ, ಊರಿದೆ. ಚೊಳಚಗುಡ್ಡದವ ಸಿವಿಲ್. ಇಳಕಲ್ಲಿನವ ಮೆಕ್ಯಾನಿಕಲ್. ಹುನಗುಂದದವ ಕಂಪ್ಯೂಟರ್ ಸೈನ್ಸು, ಊಟದ ಬಿಲ್ಲನ್ನೂ ಎಕ್ಸೆಲ್ ಶೀಟಿಗೆ ಹಾಕುವ ಮನುಷ್ಯ. ಕುಂದಾಪುರದವ ಸೀಟು ಸಿಕ್ಕಿತು ಅಂತ ಘಟ್ಟ ಹತ್ತಿ ಬಂದು ಮೂರು ವರ್ಷದಿಂದ ಮೀನಿಗೆ ಹಂಬಲಿಸ್ತಿರುವವ. ಐದನೆಯವ ಬಾಗಲಕೋಟೆ ನವನಗರದವ. ಅವನ ಮುತ್ತಜ್ಜನ ಮನೆ ಈಗ ಆಲಮಟ್ಟಿ ಹಿನ್ನೀರಿನ ತಳದಲ್ಲಿದೆ. "ನಾ ಸ್ಕೂಬಾ ಕಲಿಯೂದು ಶೋಕಿಗಲ್ಲಲೇ, ಆಸ್ತಿ ನೋಡಾಕ" ಅನ್ನೋದು ಅವನ ಹಳೇ ಜೋಕು.

ತೇರು ಎಳೆದು ಮೂರನೇ ರಾತ್ರಿ. ಹಗಲಿಡೀ ಹರಿದ್ರತೀರ್ಥದ ಕಟ್ಟೆ ಸುತ್ತಿ, ಗುಡಿ ಮುಂದೆ ಬುಟ್ಟಿ ಇಟ್ಕೊಂಡು ಕೂತ ಅವ್ವಂದಿರ ಕಡೆ ಖಡಕ್ ರೊಟ್ಟಿ, ಪುಂಡಿಪಲ್ಯ, ಕೆಂಪಚಟ್ನಿ, ಮೊಸರು ತಿಂದು, ಒಂದು ನಾಟಕ ನೋಡಿ ಬಂದು ಚೊಳಚಗುಡ್ಡದವನ ಮನೆಯ ಮಾಳಿಗೆ ಮೇಲೆ ಚಾಪೆ ಹಾಕಿದ್ವಿ. ನಿದ್ದೆ ಬರುವ ಹಾಗಿರಲಿಲ್ಲ. ಒಂದು ಕಂಪನಿಯ ಮೈಕು ನಿಂತ್ರೆ ಇನ್ನೊಂದು ಕಂಪನಿಯದು ಶುರು. ಹುನಗುಂದದವ ಲ್ಯಾಪ್‌ಟಾಪ್ ತೆಗೆದ.

ಮೊದಲ ಪ್ಲ್ಯಾನ್ ಅಂಡಮಾನ್. ಹ್ಯಾವ್‌ಲಾಕ್ ಮತ್ತು ನೀಲ್, 2018ರ ಡಿಸೆಂಬರಿನಿಂದ ಅವಕ್ಕೆ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಹೆಸರು. ಒಂದರಲ್ಲಿ ಡೈವಿಂಗ್, ಕಯಾಕಿಂಗ್, ಕಾಡಿನ ದಾರಿಯಲ್ಲಿ ಬೀಚಿಗೆ ನಡಿಗೆ. ಇನ್ನೊಂದರಲ್ಲಿ ಬಾಡಿಗೆ ಸೈಕಲ್ ಹತ್ತಿ ದ್ವೀಪ ಸುತ್ತೋದು. ಇದನ್ನೆಲ್ಲ ಅರ್ಧ ಗಂಟೆಯಲ್ಲಿ ಬರೆದ್ವಿ. ವಿಮಾನದ ಟಿಕೆಟ್ ರೇಟು ಹಾಕಿದ ಕೂಡಲೇ ಶೀಟಿನ ಕೊನೇ ಸಾಲು ಕೆಂಪಾಯ್ತು. ತಲೆಗೆ ಹತ್ತು ಸಾವಿರ ದಾಟಬಾರದು ಅಂತ ನಾವೇ ಹಾಕ್ಕೊಂಡ ಲಿಮಿಟ್ಟು. ಅದು ಬರೀ ಹೋಗೋದಕ್ಕೇ ಸಾಲ್ತಿರಲಿಲ್ಲ. ಕೆಳಗಿನಿಂದ ಮಾತು ಕೇಳಿಸ್ಕೊಂಡ ಆಯಿ ಅಲ್ಲಿಂದಲೇ ಕೂಗಿ ಹೇಳಿದರು: "ಕರಿನೀರಿಗೆ ಹೋಗಾಕ ರೊಕ್ಕ ಬ್ಯಾರೆ ಕೊಡ್ತೀರೇನು? ಮೊದ್ಲ ಸರಕಾರದವ್ರ ಪುಕ್ಕಟೆ ಕಳಸ್ತಿದ್ರು!"

ಅಂಡಮಾನ್ ಅಲ್ಲಿಗೆ ಮುಗೀತು.

"ಎರಡು ದ್ವೀಪ ಅಲ್ದಾ ಬೇಕಾದ್ದು? ನಮ್ಮ ಕಡೆ ಇಲ್ವಾ ಮಾರಾಯ್ರೆ?" ಅಂದ ಕುಂದಾಪುರದವ. ಮುರ್ಡೇಶ್ವರದ ಎದುರಿಗೆ ನೇತ್ರಾಣಿ, ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್. ಎರಡರ ನಡುವೆ ಕರಾವಳಿಯ ಸುಮಾರು ನೂರು ಕಿಲೋಮೀಟರು, ಕೊಂಕಣ ರೈಲು ಇದೆ. ಬಾದಾಮಿಯಿಂದ ರೈಲಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸಲ್ಲಿ ಘಟ್ಟ ಇಳಿದರೆ ಸಮುದ್ರ. ವಿಮಾನ ಬೇಡ, ರಜೆ ಅರ್ಜಿ ಬೇಡ.

ಇಲ್ಲಿ ಒಂದು ಮಾತು. ಚೊಳಚಗುಡ್ಡದ ಪಕ್ಕ ಹರಿಯುವ ಮಲಪ್ರಭೆ ಹುಟ್ಟೋದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ನೆತ್ತಿ ಮೇಲೆ. ಅಲ್ಲಿಂದ ಅರಬ್ಬಿ ಸಮುದ್ರ ಬಹಳ ಹತ್ತಿರ. ಆದರೂ ನಮ್ಮ ಹೊಳೆ ಅದಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ, ಬಂಗಾಳ ಕೊಲ್ಲಿಯ ತನಕ ಹೋಗ್ತದೆ. ನಮ್ಮಲ್ಲಿ ಮೂವರು ಆವತ್ತಿನವರೆಗೆ ಸಮುದ್ರಕ್ಕೆ ಬೆನ್ನು ತಿರುಗಿಸಿದವರೇ, ಒಂದು ಗೋವಾ ಟ್ರಿಪ್ ಬಿಟ್ಟರೆ. ಆ ಗೋವಾ ವಿಷಯಕ್ಕೆ ಮುಂದೆ ಬರ್ತೇವೆ.

ಶೀಟು ತುಂಬತೊಡಗಿತು. ನೇತ್ರಾಣಿ ದಂಡೆಯಿಂದ ಸುಮಾರು 19 ಕಿಲೋಮೀಟರು ದೂರ, ಬೋಟಿನಲ್ಲಿ ಒಂದರಿಂದ ಒಂದೂವರೆ ಗಂಟೆ. ದ್ವೀಪದ ಮೇಲೆ ಹತ್ತೋದಲ್ಲ, ಅದರ ಸುತ್ತಲ ನೀರಿಗಿಳಿಯೋದು. ಒಂದು ಕಾಲಕ್ಕೆ ನೌಕಾಪಡೆಯವರು ಗುರಿ ಹೊಡೆಯೋ ಅಭ್ಯಾಸಕ್ಕೆ ಇಟ್ಕೊಂಡಿದ್ದ ದ್ವೀಪ ಅದು. ಈಗ ಅದರ ಬುಡದ ಹವಳ, ಮೀನು ನೋಡೋಕೆ ಜನ ಬರ್ತಾರೆ. ಮೊದಲ ಸಲ ಡೈವ್ ಮಾಡುವವರನ್ನ ಇನ್‌ಸ್ಟ್ರಕ್ಟರ್ ಕೈಹಿಡಿದು ಕರ್ಕೊಂಡು ಹೋಗ್ತಾರೆ, 12 ಮೀಟರಿಗಿಂತ ಆಳಕ್ಕಲ್ಲ. ಖರ್ಚು ತಲೆಗೆ ಐದು ಸಾವಿರದ ಆಸುಪಾಸು.

ಸೇಂಟ್ ಮೇರೀಸ್ ಮಲ್ಪೆಯಿಂದ ಅರ್ಧ ಗಂಟೆಯ ದಾರಿ. ಹಗಲು ಹೋಗಿ ಹಗಲೇ ಬರಬೇಕು, ರಾತ್ರಿ ಉಳಿಯೋಕೆ ಬಿಡಲ್ಲ. ಅಲ್ಲಿನ ಕಲ್ಲಿನ ಕಂಬಗಳ ಬಗ್ಗೆ ಸಿವಿಲ್‌ನವನಿಗೆ ಗೊತ್ತಿತ್ತು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಅದು. ಆರುತ್ತಾ ಕುಗ್ಗಿದಾಗ ಬಿರುಕು ಬಿಟ್ಟು ಆರು ಮೂಲೆ, ಐದು ಮೂಲೆಯ ಕಂಬಗಳಾಗಿ ನಿಂತಿದೆ. ಕೆರೆ ಒಣಗಿದಾಗ ಕೆಸರು ಬಿರಿಯುತ್ತಲ್ಲ, ಅದೇ ಲೆಕ್ಕ, ಆದರೆ ಕಲ್ಲಿನಲ್ಲಿ. "ನಮ್ಮ ಬಾದಾಮಿ ಕಲ್ಲು ಪದರ ಪದರ ಕೂತ ಮರಳು, ಅದು ಕುದ್ದು ಆರಿದ್ದು" ಅಂದ ಚೊಳಚಗುಡ್ಡದವ. ಅವನು ಬಂಡೆ ಅಂದ್ರೆ ಜೀವ ಬಿಡ್ತಾನೆ. ಹೊರದೇಶದವರು ಹಗ್ಗ-ಹುಕ್ಕು ಹೊತ್ತು ಬಂದು ಬಾದಾಮಿಯ ಕೆಂಪು ಗೋಡೆ ಹತ್ತೋದನ್ನ ನೋಡಿ ನೋಡಿ ತಾನೂ ಕಲಿತವ. ನಾವು ಮೆಟ್ಟಿಲು ಹತ್ತಿ ಏದುಸಿರು ಬಿಡುವ ಕಡೆ ಇವನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಮೇಲಿರ್ತಾನೆ.

ಕೊನೇ ದಿನಕ್ಕೆ ಸೈಕಲ್: ಮಲ್ಪೆಯಿಂದ ಮಟ್ಟು ದಾರಿಯಾಗಿ ಕಾಪು ಲೈಟ್‌ಹೌಸ್. 1901ರದ್ದು, ಬಂಡೆಯ ಮೇಲೆ ನಿಂತದ್ದು. ಮಟ್ಟು ಅಂದ್ರೆ ಮಟ್ಟುಗುಳ್ಳದ ಊರು. ಆ ಹಸಿರು ಗುಂಡು ಬದನೆಕಾಯಿ ನಮ್ಮ ಎಣ್ಣೆಗಾಯಿಗೆ ಆಗ್ತದೋ ಇಲ್ಲವೋ ಅಂತ ಹತ್ತು ನಿಮಿಷ ಜಗಳ. ಆಗಲ್ಲ ಅನ್ನೋದು ಬಹುಮತ.

ಮೊದಲು ನಾವು ಬರೆದ ಕ್ರಮ: ಮಲ್ಪೆ ಮೊದಲು, ನೇತ್ರಾಣಿ ಕೊನೆಗೆ. ದೊಡ್ಡ ಐಟಂ ಕೊನೆಗಿರಬೇಕು, ನಾಟಕ ಕಂಪನಿಯವರೂ ಹಾಗೇ ಮಾಡ್ತಾರಲ್ಲ. ಡೈವ್ ಮುಗಿಸಿ ಅದೇ ಸಂಜೆ ಬಸ್ ಹತ್ತಿ ಹುಬ್ಬಳ್ಳಿ. ಮರುದಿನ ಮಧ್ಯಾಹ್ನ ಹರಿದ್ರತೀರ್ಥದ ಕಟ್ಟೆ ಮೇಲೆ ಕೂತು ಇಳಕಲ್ಲಿನವ ಗೋಲಿ ಸೋಡಾ ಒಡೆಸಿದ. ಗೋಲಿ ಒಳಗೆ ಬಿದ್ದ ಕೂಡಲೇ ನೊರೆ ಉಕ್ಕಿತು. ಅವನು ಬಾಟಲಿ ಹಿಡಿದು ಸುಮ್ಮನೆ ಕೂತ. ಆಮೇಲೆ ಹೇಳಿದ: "ನಮ್ಮ ಪ್ಲ್ಯಾನ್ ತಪ್ಪೈತ್ರಲೇ."

ಹತ್ತು ಮೀಟರ್ ಆಳಕ್ಕೆ ಹೋದರೆ ಒತ್ತಡ ಎರಡು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಹೆಚ್ಚು ಕರಗ್ತದೆ. ಮೇಲೆ ಬಂದ ಮೇಲೆ ನಿಧಾನಕ್ಕೆ ಹೊರಗೆ ಹೋಗಬೇಕು. ಅದು ಹೋಗುವ ಮೊದಲೇ ಒತ್ತಡ ಕಮ್ಮಿಯಿರುವ ಎತ್ತರಕ್ಕೆ ಏರಿದರೆ ಸೋಡಾ ಬಾಟಲಿಯ ಹಾಗೆ ಗುಳ್ಳೆ ಏಳಬಹುದು. ಅದಕ್ಕೇ ಒಂದು ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹೆಚ್ಚು ಮಾಡಿದವರು 18 ಗಂಟೆ ವಿಮಾನ ಹತ್ತಬಾರದು ಅಂತಾರೆ. ನಮಗೆ ವಿಮಾನ ಇಲ್ಲ, ಘಟ್ಟ ಇದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ. ಅಷ್ಟು ಆಳವಿಲ್ಲದ ಒಂದೇ ಡೈವಿಗೆ ದೊಡ್ಡ ಅಪಾಯ ಇರಲಿಕ್ಕಿಲ್ಲ. ಆದರೆ ಕ್ರಮ ತಿರುಗಿಸಿದ್ರೆ ಒಂದು ರೂಪಾಯಿಯೂ ಹೆಚ್ಚು ಬೀಳಲ್ಲ ಅಂದ್ಮೇಲೆ ಯಾಕೆ ತಿರುಗಿಸಬಾರದು? ನೇತ್ರಾಣಿ ಎರಡನೇ ದಿನಕ್ಕೆ ಬಂತು. ಆಮೇಲೆ ಎರಡು ದಿನ ದಂಡೆಯ ಮಟ್ಟದಲ್ಲೇ ಇದ್ದು ಕೊನೆಗೆ ಘಟ್ಟ. ಕುಂದಾಪುರದವ ಇನ್ನೊಂದು ಸಾಲು ಸೇರಿಸಿದ: ಬೋಟು ಬೆಳಗ್ಗೆಯದ್ದೇ ಆಗಬೇಕು, ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ಅಲೆ ಹೆಚ್ಚಾಗ್ತದೆ, ವಾಂತಿ ಮಾಡುವವರು ಬಾದಾಮಿ ಕಡೆಯವರೇ ಆಗಿರ್ತಾರೆ.

ಸಂಜೆ ಹುನಗುಂದದವ ಹೊಸ ಕಾಲಂ ಮಾಡಿದ: "ಈಜು ಬರುತ್ತಾ?" ನಾಲ್ಕು ಮಂದಿ ತಟತಟ ಹೇಳಿದ್ವಿ. ಇಳಕಲ್ಲಿನವ ಚಿಕ್ಕವನಿದ್ದಾಗಿಂದ ಹಿನ್ನೀರಿನಲ್ಲಿ ಈಜಿದವ, ಅವನಿಗೆ ಹತ್ತಕ್ಕೆ ಹತ್ತು. ಉಳಿದವರು ಬಾವಿ ಈಜಿನವರು. ಚೊಳಚಗುಡ್ಡದವ ಮಾತ್ರ "ನೀವು ಹೋಗಿ ಬರ್ರಿ, ನನಗ ಊರಾಗ ಕೆಲಸ ಐತಿ" ಅಂದು ಚಹಾ ತರೋಕೆ ಕೆಳಗೆ ಹೋದ.

ಹೋದ ವರ್ಷ ಗೋವಾಕ್ಕೆ ಹೊರಟಾಗಲೂ ಅವನು ಅಂದದ್ದು ಇದೇ. ಆವಾಗ "ಅವ್ವಗ ಆರಾಮಿಲ್ಲ" ಅಂದಿದ್ದ. ನಾವು ನಾಲ್ವರು ಹೋಗಿ ಬಂದ್ವಿ. ಅವ್ವನಿಗೆ ಹೆಂಗದ ಅಂತ ಆಮೇಲೆ ಒಬ್ಬರೂ ಕೇಳಲಿಲ್ಲ. ಈಗ ಎರಡು ದಿನದಿಂದ ಅವರ ಕೈ ಅಡುಗೆ ಉಣ್ತಿದ್ದೇವೆ; ಅವ್ವಾರು ಹೋದ ವರ್ಷವೂ ಗಟ್ಟಿಮುಟ್ಟಾಗೇ ಇದ್ದರು ಅಂತ ಮಾತಿನ ನಡುವೆ ಗೊತ್ತಾಗಿತ್ತು. ಮಾಳಿಗೆ ಮೇಲೆ ನಾವು ಯಾರ ಮುಖ ಯಾರೂ ನೋಡಲಿಲ್ಲ.

ಚಹಾ ಬಂತು. ಹುನಗುಂದದವ ಸುಮ್ಮನಿರಲಾರದೆ ಮುಂದಿನ ಸಾಲು ಓದಿದ: "ಲೈಫ್ ಜಾಕೆಟ್. ನಾವ್ಯಾರೂ ಈತನಕ ಹಾಕಿಲ್ಲ, ಹೆಂಗ ಕಟ್ಟೂದು ವಿಡಿಯೋ ನೋಡಬೇಕು."

"ನಾ ಹಾಕೀನಿ" ಅಂದ ಚೊಳಚಗುಡ್ಡದವ.

2019ರ ಆಗಸ್ಟ್. ಅವನು ಆಗ ಒಂಬತ್ತನೇ ಕ್ಲಾಸು. ವರ್ಷದಲ್ಲಿ ಬಹಳ ತಿಂಗಳು ಮರಳು ಕಾಣುವ ಮಲಪ್ರಭೆ ಆ ಸಲ ಕಂಡಾಪಟ್ಟೆ ಬಂತು. ಮೇಲೆ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಡ್ತಿದ್ದರು, ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಫೋಟೋ ನೀವೂ ನೋಡಿರ್ತೀರಿ. ಪೇಪರಿನಲ್ಲಿ ದಿನಾ ಒಂದು ಶಬ್ದ: ನಡುಗಡ್ಡೆ. ಇಂಥ ಊರು ನಡುಗಡ್ಡೆಯಾಯ್ತು, ಇಂಥ ಓಣಿ ನಡುಗಡ್ಡೆಯಾಯ್ತು. ಇವರ ಹಳೇ ಮನೆ ಹೊಳೆ ಕಡೆಗಿತ್ತು, ಮಣ್ಣಿನ ಗೋಡೆ. ರಾತ್ರಿ ನೀರು ಹಿತ್ತಲಿಗೆ ಬಂತು, ಬೆಳಗ್ಗೆ ಹೊಸ್ತಿಲಿಗೆ. ಎಮ್ಮೆ ಬಿಚ್ಚಿ ಎತ್ತರದ ಕಡೆ ಹೊಡೆದರು. ಬೋಟು ಬಂದಾಗ ಇವನಿಗೆ ದೊಡ್ಡವರ ಅಳತೆಯ ಕಿತ್ತಳೆ ಜಾಕೆಟ್ ಹಾಕಿದರು. ಹತ್ತುವಾಗ ಕಾಲು ಜಾರಿತು. ಜಾಕೆಟ್ ಮೇಲೆ ತೇಲಿತು, ಇವನು ಅದರೊಳಗಿಂದ ಕೆಳಗೆ ಜಾರಿದ. ಅವರವ್ವ ಕೂದಲು ಹಿಡಿದು ಎತ್ತಿದರು.

"ಎರಡು ಸೆಕೆಂಡ್ ಇರಬೇಕು. ಆದ್ರ ಕೆಳಗ ಎಲ್ಲಾ ಕೆಂಪಗ ಇತ್ತು. ಕಣ್ಣು ತೆರದ್ರೂ ಅಷ್ಟ, ಮುಚ್ಚಿದ್ರೂ ಅಷ್ಟ" ಅಂದ. ಗೋಡೆ ಮೂರನೇ ದಿನಕ್ಕೆ ಕರಗಿ ಬಿತ್ತಂತೆ. ನಾವು ಮಲಗಿದ್ದ ಈ ಸ್ಲ್ಯಾಬಿನ ಮನೆ ಆಮೇಲೆ ಕಟ್ಟಿದ್ದು.

ಮೂರು ವರ್ಷ ಒಂದೇ ರೂಮಿನಲ್ಲಿ ಮಲಗಿದವರಿಗೆ ಇದು ಗೊತ್ತಿರಲಿಲ್ಲ.

ಆಮೇಲೆ ನಾವು ಮಾಡಿದ್ದು ಅಷ್ಟೇನೂ ಒಳ್ಳೇದಲ್ಲ. ಒಬ್ಬ "ನೇತ್ರಾಣಿ ತಗೀರಿ, ಜೋಗಕ್ಕೆ ಹೋಗೂಣು" ಅಂದ. ಇನ್ನೊಬ್ಬ "ಅವ ಬೋಟಿನ್ಯಾಗ ಕುಂದ್ರಲಿ, ಫೋಟೋ ತಗೀಲಿ" ಅಂದ. ಅವನನ್ನ ಕೇಳದೇ ಅವನ ವಿಷಯ ಅವನೆದುರಿಗೇ ತೀರ್ಮಾನ ಮಾಡ್ತಿದ್ದೆವು. ಕುಂದಾಪುರದವನೊಬ್ಬನೇ ಬೇರೆ ಮಾತಾಡಿದ. ಹೆದರಿಕೆ ಇರೋದು ಅವನೊಬ್ಬನಿಗೆ, ಇರಬೇಕಾದ್ದು ನಮ್ಮ ಐವರಿಗೂ ಅಂದ. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್‌ನಲ್ಲಿ ನೀರುಪಾಲಾದ ಮೂವರು ಕೇರಳದ ಇಂಜಿನಿಯರಿಂಗ್ ಹುಡುಗರು, ನಮ್ಮ ವಯಸ್ಸಿನವರು, ಕಾಲೇಜ್ ಟೂರಿಗೆ ಬಂದವರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ದಂಡೆಯಲ್ಲಿ ಹೋದವರು ಶಾಲೆ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು. ಇವರ್ಯಾರೂ ಡೈವಿಂಗ್ ಮಾಡ್ತಿರಲಿಲ್ಲ. ದಂಡೆಯ ಹತ್ತಿರವೇ ಇದ್ದವರು.

"ಬಾವಿ ನೀರು ನಿಂತಲ್ಲೇ ಇರ್ತದೆ, ಕಡಲು ಎಳೀತದೆ" ಅಂತ ಅವನು ನೆಲದ ಮೇಲೆ ಇದ್ದಿಲಿನಿಂದ ಗೆರೆ ಹಾಕಿ ತೋರಿಸಿದ. ದಂಡೆಗೆ ಬಂದ ಅಲೆಯ ನೀರು ಎಲ್ಲೋ ಒಂದು ಕಡೆ ಸೇರಿ ಕಿರಿದಾದ ದಾರಿ ಮಾಡ್ಕೊಂಡು ಜೋರಾಗಿ ವಾಪಸ್ ಹೋಗ್ತದೆ. ಅಲ್ಲಿ ಅಲೆ ಒಡೆಯೋದು ಕಮ್ಮಿ, ನೀರು ಶಾಂತ ಕಾಣ್ತದೆ, ಹೊಸಬರು ಹುಡುಕಿಕೊಂಡು ಅಲ್ಲಿಗೇ ಇಳೀತಾರೆ. ಸಿಕ್ಕಿಬಿದ್ದರೆ ದಂಡೆ ಕಡೆಗೆ ನೇರ ಈಜಬಾರದು. ಎಂಥ ಈಜುಗಾರನೂ ಸೋಲ್ತಾನೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಎಳೆತದಿಂದ ಹೊರಬಿದ್ದು ಆಮೇಲೆ ತಿರುಗಬೇಕು. ಕೈಸೋತರೆ ಸುಮ್ಮನೆ ತೇಲಿ ಕೈ ಎತ್ತಿ ಕೂಗಬೇಕು. ಹತ್ತಕ್ಕೆ ಹತ್ತು ತಗೊಂಡ ಇಳಕಲ್ಲಿನವನಿಗೂ ಇದು ಗೊತ್ತಿರಲಿಲ್ಲ.

ಮರುದಿನ ಹಾಸ್ಟೆಲ್‌ಗೆ ಬಂದು ಡೈವಿಂಗ್‌ನವರಿಂದ ಫಾರ್ಮ್ ತರಿಸಿದ್ವಿ. ಹೆಲ್ತ್ ಫಾರ್ಮ್, ಪ್ರಶ್ನೆ ಮೇಲೆ ಪ್ರಶ್ನೆ. ಕಿವಿ ಸೋರ್ತದಾ, ಮೂರ್ಛೆ ಬರ್ತದಾ, ಎದೆ ನೋವಿದೆಯಾ, ಆಪರೇಷನ್ ಆಗಿದೆಯಾ. ನಾವು ಎರಡು ಸಲ ಹುಡುಕಿದೆವು, "ಈಜು ಬರುತ್ತಾ" ಅನ್ನೋ ಪ್ರಶ್ನೆ ಅದರಲ್ಲಿರಲಿಲ್ಲ. ಫೋನ್ ಮಾಡಿ ಕೇಳಿದ್ರೆ, ಮೊದಲ ಡೈವಿಗೆ ಈಜು ಬರದವರೂ ಬರ್ತಾರೆ, ಇನ್‌ಸ್ಟ್ರಕ್ಟರ್ ಬಿಟ್ಟು ಹೋಗೋದಿಲ್ಲ, ಮೊದಲು ಕಡಿಮೆ ನೀರಿನಲ್ಲಿ ಕಲಿಸ್ತೇವೆ, ಬೇಡ ಅನ್ನಿಸಿದರೆ ಅಲ್ಲೇ ನಿಲ್ಲಿಸಬಹುದು ಅಂದರು.

ಆದರೆ ಇನ್ನೊಂದು ಪ್ರಶ್ನೆ ಇತ್ತು: ಆಸ್ತಮಾ ಇದೆಯಾ? ಇಳಕಲ್ಲಿನವನ ಜೇಬಿನಲ್ಲಿ ಫಸ್ಟ್ ಸೆಮ್‌ನಿಂದ ಇನ್‌ಹೇಲರ್ ಇದೆ. ಹೌದು ಅಂತ ಬರೆದರೆ ಡಾಕ್ಟರ್ ಚೀಟಿ ಬೇಕು. "ಇಲ್ಲ ಅಂತ ಬರದ್ರ ಯಾರಿಗೆ ಗೊತ್ತಾಗತೈತಿ?" ಅಂದ. ಆಮೇಲೆ ತಾನೇ ಬಾಯ್ಲ್ ನಿಯಮ ನೆನಪು ಮಾಡ್ಕೊಂಡ, ಮೆಕ್ಯಾನಿಕಲ್ ಅಲ್ವಾ. ಹತ್ತು ಮೀಟರಿನಿಂದ ಮೇಲೆ ಬರುವಾಗ ಎದೆಯೊಳಗಿನ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ನೀರೊಳಗೆ ಉಸಿರು ಹಿಡಿಯಬಾರದು ಅಂತ ಮೊದಲ ಪಾಠ. ಉಸಿರಿನ ದಾರಿ ಬಿಗಿದುಕೊಂಡು ಗಾಳಿ ಒಳಗೇ ಸಿಕ್ಕಿಬಿದ್ದರೆ ಶ್ವಾಸಕೋಶವೇ ಹರಿಯಬಹುದು. ಡಾಕ್ಟರು ಚೀಟಿ ಕೊಡಲಿಲ್ಲ. ಇಳಕಲ್ಲಿನವ ಎರಡು ದಿನ ಯಾರ ಹತ್ತಿರಾನೂ ಮಾತಾಡಲಿಲ್ಲ. ನಮ್ಮೆಲ್ಲರಿಗಿಂತ ಚೆಂದ ಈಜುವವನು ಅವನೇ.

ಮೂರನೇ ದಿನ ಅವನ ಮಂಚದ ಮೇಲೆ ಹೋಗಿ ಕೂತವನು ಚೊಳಚಗುಡ್ಡದವ. ಏನು ಮಾತಾಡಿದರೋ. ಸಂಜೆ ಶೀಟು ತೆರೆದರೆ "ಈಜು ಬರುತ್ತಾ" ಕಾಲಂ ಅಳಿಸಿಹೋಗಿತ್ತು. ಅದರ ಜಾಗದಲ್ಲಿ "ಎಲ್ಲಿ ತನಕ ಬರ್ತೀ?" ಅಂತ ಇತ್ತು. ಇಳಕಲ್ಲಿನವ: ನೀರಿನ ಮೇಲೆ, ಸ್ನಾರ್ಕೆಲ್, ಜಾಕೆಟ್ ಹಾಕಿ, ಇನ್‌ಹೇಲರ್ ಬೋಟಿನಲ್ಲಿ. ನಾವು ಮೂವರು: 12 ಮೀಟರ್. ಚೊಳಚಗುಡ್ಡದವ ತನ್ನ ಮುಂದೆ ಬರೆದುಕೊಂಡದ್ದು: "ಬೋಟಿನ ಏಣಿ ತನಕ ಪಕ್ಕಾ. ಮುಂದ ಅಲ್ಲೇ ನೋಡೂಣು."

ಅದನ್ನ ನಾವು ಬದಲಾಯಿಸಿಲ್ಲ. ಸೇಂಟ್ ಮೇರೀಸ್‌ಗೆ ಮಾತ್ರ ಲೀಡರ್ ಅವನೇ. ಕಂಬಗಳ ಮೇಲೆ ಎಲ್ಲಿ ಕಾಲಿಡಬೇಕು, ಎಲ್ಲಿ ಪಾಚಿ ಕಟ್ಟಿದೆ, ಯಾವ ಬಂಡೆಗೆ ಅಲೆ ತಾಗ್ತದೆ ಅನ್ನೋದನ್ನ ಅವನು ನೋಡಿ ಹೇಳಿದ ಮೇಲೆ ಉಳಿದವರು. ನೀರಿನ ಕಡೆ ಬೆನ್ನು ಮಾಡಿ ಸೆಲ್ಫಿ ಇಲ್ಲ, ಇದು ಬಾಗಲಕೋಟೆಯವ ಹಾಕಿದ ಸಾಲು, ಅವನೇ ನಮ್ಮಲ್ಲಿ ಸೆಲ್ಫಿ ಹುಚ್ಚಿನವ.

ಹೋದ ಭಾನುವಾರ ಟಿಕೆಟ್ ಮಾಡಿಸುವ ಮೊದಲು ಮತ್ತೆ ಚೊಳಚಗುಡ್ಡಕ್ಕೆ ಹೋಗಿದ್ವಿ. ಕಾಕಾನ ಹೊಲದ ಬಾವಿಯಲ್ಲಿ ಅವನು ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿಕೊಂಡು ಕಾಲು ಬಡೀತಿದ್ದ. ಮೇಲೆ ಐದಾರು ಸಣ್ಣ ಹುಡುಗರು ಕೂತು ನಗ್ತಿದ್ದರು. ಮೆಟ್ಟಿಲಿನಿಂದ ಎದುರಿನ ಗೋಡೆಗೆ ಎರಡು ಸಲ ಹೋಗಿ ಬಂದ. ಮುಖ ಮಾತ್ರ ನೀರಿಗೆ ಅದ್ದಲಿಲ್ಲ. ನಾವೂ ಅದ್ದು ಅನ್ನಲಿಲ್ಲ.

ಅವ್ವಾರಿಗೆ ಹೇಳೋ ಕೆಲಸ ಕುಂದಾಪುರದವನ ಮೇಲೆ ಬಿದ್ದಿತ್ತು, ಸಮುದ್ರ ಅವನದಲ್ವಾ ಅಂತ. ಅವನು ದಿನ, ಬೋಟು, ಬೆಳಗಿನ ಹೊತ್ತು ಎಲ್ಲ ಹೇಳಿದ. ಅವ್ವಾರು ರೊಟ್ಟಿ ಬಡಿಯೋದನ್ನ ನಿಲ್ಲಿಸಲಿಲ್ಲ. ಬಡಿದು ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದ ಮೇಲೆ ಕೇಳಿದರು: "ಆ ಜಾಕೀಟು ಅಳತಿಗೆ ಸರಿಯಾದ್ದು ಕೊಡ್ತಾರೇನಪಾ?"

ನಾವು ಅಲ್ಲೇ ಒಲೆ ಮುಂದೆ ಕೂತು ಫೋನ್ ಹಚ್ಚಿದ್ವಿ, ಸ್ಪೀಕರ್ ಹಾಕಿ. ಎಲ್ಲ ಅಳತೆಯವೂ ಇವೆ, ಕಾಲಿನ ಸಂದಿಯಿಂದ ಬರುವ ಬೆಲ್ಟೂ ಇದೆ, ಮೇಲೆ ಜಾರೋದಿಲ್ಲ ಅಂತ ಆ ಕಡೆಯವರು ಹೇಳಿದರು. ಅವ್ವಾರು ಹೂಂ ಅಂದರು. ಆಮೇಲೆ, ಸಮುದ್ರದ ಕಡೆ ಬರೀ ಅನ್ನ, ನಿಮಗ ಆಗೂದಿಲ್ಲ ಅಂತ ಹೇಳಿ, ಐವರಿಗೆ ನಾಲ್ಕು ದಿನಕ್ಕೆ ಎಷ್ಟು ಖಡಕ್ ರೊಟ್ಟಿ ಬೇಕು ಅಂತ ಲೆಕ್ಕ ಹಾಕತೊಡಗಿದರು. ಹುನಗುಂದದವ ಶೀಟಿನಲ್ಲಿ ಹೊಸ ಸಾಲು ತೆಗೆದ: ರೊಟ್ಟಿ, 80.